ಮುಂಡಗೋಡದ ಪ್ರಶ್ನೆ, ದೆಹಲಿಯ ಅನುದಾನ

ಅಂತರರಾಷ್ಟ್ರೀಯ ಭದ್ರತೆಯ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ಸೊರಬದಲ್ಲಿ ಮೊದಲು ಎದುರಾಗುವ ಮಾತು, ‘ಅದಕ್ಕೆ ದೆಹಲಿಯಲ್ಲಿ ಜೆಎನ್‌ಯು ಇದೆಯಲ್ಲ ಸಾರ್, ಇಲ್ಲೇನು ಸಿಗುತ್ತೆ?’ ತಾಲ್ಲೂಕು ಊರಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನಾನು ಅನುದಾನದ ಅರ್ಜಿಯಲ್ಲಿ ಉತ್ತರಿಸಬೇಕಾಗಿದ್ದೂ ಇದೇ ಪ್ರಶ್ನೆಗೆ. ಉತ್ತರ ಸಿಕ್ಕಿದ್ದು ಆನವಟ್ಟಿ, ಹಾನಗಲ್ ದಾಟಿ ಹೋದರೆ ಸಿಗುವ ಮುಂಡಗೋಡದಲ್ಲಿ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ನಿಜಲಿಂಗಪ್ಪನವರ ಕಾಲದಲ್ಲಿ ಮೈಸೂರು ರಾಜ್ಯ ಟಿಬೆಟನ್ನರಿಗೆ ಜಮೀನು ಕೊಟ್ಟಿತು. ಮುಂಡಗೋಡದ ವಸತಿ ಶುರುವಾದದ್ದು 1966ರಲ್ಲಿ. ಲಾಸಾ ಸುತ್ತಲಿನ ಗಾಂದೆನ್, ದ್ರೇಪುಂಗ್ ಮಠಗಳು ಮತ್ತೆ ಎದ್ದು ನಿಂತದ್ದು ಇಲ್ಲಿಯ ಜೋಳದ ಹೊಲಗಳ ನಡುವೆ. ಭಾರತ–ಚೀನಾ ಸಂಬಂಧ ಎಂಬ ದೊಡ್ಡ ವಿಷಯ ನಮ್ಮ ಬಸ್ಸಿನ ದಾರಿಯಲ್ಲೇ ಇದೆ.

ನಾನು ಅರ್ಜಿ ಹಾಕಿದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು 1969ರಲ್ಲಿ ಸ್ಥಾಪನೆಯಾದದ್ದು. ಕಿರು ಯೋಜನೆ, ಬೃಹತ್ ಯೋಜನೆ ಎಂದು ಅದು ಅಧ್ಯಾಪಕರಿಗೆ ಅನುದಾನ ಕೊಡುತ್ತದೆ. ಇಂಥ ಕಡೆ ‘ಭಾರತ–ಚೀನಾ ಗಡಿ ವಿವಾದ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಹೊತ್ತ ಪ್ರಸ್ತಾವನೆ ಉಳಿದವುಗಳ ರಾಶಿಯಲ್ಲಿ ಕಳೆದುಹೋಗುತ್ತದೆ. ಆ ವಿಷಯಕ್ಕೆ ಬೇಕಾದ ಕಡತಗಳೂ ಅಧಿಕಾರಿಗಳೂ ಇರುವುದು ದೆಹಲಿಯಲ್ಲಿ. ನಾನು ಕೇಳಿದ್ದು ಬೇರೆ: 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರಿಗೆ ಹುಟ್ಟಿನಿಂದಲೇ ಪೌರತ್ವ ಎನ್ನುತ್ತದೆ ಕಾನೂನು. ಹಾಗಿದ್ದೂ ಮುಂಡಗೋಡದ ಎಷ್ಟೋ ಟಿಬೆಟನ್ನರು ಪೊಲೀಸರಲ್ಲಿ ನವೀಕರಿಸಿಕೊಳ್ಳುವ ನೋಂದಣಿ ಪತ್ರದಲ್ಲೇ ಏಕೆ ಉಳಿದಿದ್ದಾರೆ? ಅವರ ಪಾಲಿಗೆ ಭದ್ರತೆ ಎಂದರೆ ಏನು? ಭದ್ರತಾ ಅಧ್ಯಯನದ ವಿದ್ವಾಂಸ ಬ್ಯಾರಿ ಬುಜಾನ್ 1983ರಲ್ಲೇ ಭದ್ರತೆಯನ್ನು ಸೇನೆಯಾಚೆಗೆ ಒಯ್ದಿದ್ದರು. 1994ರ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ ಮನುಷ್ಯನ ಭದ್ರತೆಯನ್ನು ಮುಂದಿಟ್ಟಿತು. ಸಾಹಿತ್ಯ ಸಮೀಕ್ಷೆಗೆ ಈ ಎಳೆ ಸಾಕಾಯಿತು.

ವಿದೇಶಿ ವಿದ್ವಾಂಸರು ಮುಂಡಗೋಡದ ವಸತಿಯಲ್ಲಿ ಉಳಿಯಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು. ನಮಗೆ ಅದು ಬೇಕಿಲ್ಲ. ಜೊತೆಗೆ ಅಲ್ಲಿ ಬೆಳೆದವರಲ್ಲಿ ಕನ್ನಡ ಮಾತಾಡುವವರು ಸಾಕಷ್ಟಿದ್ದಾರೆ. ಇದನ್ನು ಅರ್ಜಿಯಲ್ಲಿ ಸಂಕೋಚವಿಲ್ಲದೆ ಬರೆಯಬೇಕು. ಸಣ್ಣ ಊರಿನವರು ಎಂಬ ಅಳುಕನ್ನು ಹೊತ್ತು ತಿರುಗುವ ನಮ್ಮ ಅಧ್ಯಾಪಕರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಬಜೆಟ್‌ನಲ್ಲಿ ಮಾತ್ರ ಉದಾರವಾಗಿ ಬರೆದರೆ ನಡೆಯುವುದಿಲ್ಲ. ಎಷ್ಟು ಸಂದರ್ಶನ, ಯಾರು ದುಭಾಷಿ, ಎಷ್ಟು ಸಲ ಪ್ರಯಾಣ ಎಂಬುದು ಸಂಶೋಧನಾ ವಿಧಾನದ ಪುಟಕ್ಕೂ ಬಜೆಟ್ ಪುಟಕ್ಕೂ ಒಂದೇ ಆಗಿರಬೇಕು. ಕೆಲಸದ ವೇಳಾಪಟ್ಟಿಗೆ ಸ್ಥಳದ ತಿಳಿವಳಿಕೆ ಬೇಕು. ಚಳಿಗಾಲದಲ್ಲಿ ವಸತಿಯ ಎಷ್ಟೋ ಕುಟುಂಬಗಳು ಸ್ವೆಟರ್ ಮಾರಲು ಊರೂರಿಗೆ ಹೋಗುತ್ತವೆ. ಡಿಸೆಂಬರ್‌ನಲ್ಲಿ ಮನೆಮನೆ ಸಮೀಕ್ಷೆ ಎಂದು ಬರೆದ ಪ್ರಸ್ತಾವನೆಯನ್ನು ವಿಷಯ ಬಲ್ಲವರು ನಂಬುವುದಿಲ್ಲ. ಟಿಬೆಟನ್ನರ ಹೊಸ ವರ್ಷ ಲೋಸಾರ್ ಬರುವುದು ಫೆಬ್ರುವರಿ–ಮಾರ್ಚ್ ಆಸುಪಾಸಿನಲ್ಲಿ. ಅಷ್ಟರಲ್ಲಿ ಮನೆಗಳು ಮತ್ತೆ ತುಂಬಿರುತ್ತವೆ. ಕ್ಷೇತ್ರಕಾರ್ಯವನ್ನು ಅದರ ನಂತರಕ್ಕೆ ಇಟ್ಟುಕೊಂಡೆ.

ನಿರಾಶ್ರಿತರ ಹೆಸರು, ಕಾಗದಪತ್ರದ ವಿವರ ಹೊರಬಿದ್ದರೆ ಟಿಬೆಟ್‌ನಲ್ಲಿ ಉಳಿದ ಅವರ ಬಂಧುಗಳಿಗೂ ತೊಂದರೆಯಾಗಬಹುದು. ದತ್ತಾಂಶವನ್ನು ಹೇಗೆ ಕಾಯುತ್ತೇನೆ, ಒಪ್ಪಿಗೆ ಹೇಗೆ ಪಡೆಯುತ್ತೇನೆ ಎಂದು ಒಂದು ಪೂರ್ತಿ ಪುಟ ಬರೆದೆ. ಅರ್ಜಿಯ ಅತ್ಯಂತ ಮುಖ್ಯ ಪುಟ ಅದೇ ಎಂದು ಈಗಲೂ ನಂಬಿದ್ದೇನೆ.

ಮಂಜೂರಾತಿಯ ನಂತರದ ಕೆಲಸ ಲೆಕ್ಕದ್ದು. ಹಣ ಬರುವುದು ಕಂತುಗಳಲ್ಲಿ, ಸಂಸ್ಥೆಯ ಖಾತೆಗೆ. ಪ್ರಗತಿ ವರದಿ, ವಿನಿಯೋಗ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಇಲ್ಲ. ಆದ್ದರಿಂದ ಕಾಲೇಜಿನ ಲೆಕ್ಕಪತ್ರ ನೋಡುವವರನ್ನು ಅರ್ಜಿ ಹಾಕುವ ಮೊದಲೇ ಜೊತೆಗೆ ಕೂರಿಸಿಕೊಳ್ಳಿ.

ಶಿಕಾರಿಪುರ, ಸೊರಬ, ಸಾಗರದ ಸಹೋದ್ಯೋಗಿಗಳೇ, ಕಾರವಾರದಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬಕ್ಕಾಗಿ ಮನೆ, ದಡ ಬಿಟ್ಟ ಮೀನುಗಾರರಿದ್ದಾರೆ. ಅವರ ಕಣ್ಣಿನಿಂದ ರಾಷ್ಟ್ರೀಯ ಭದ್ರತೆಯನ್ನು ನೋಡುವ ಕೆಲಸ ಇನ್ನೂ ಬಹಳ ಬಾಕಿ ಇದೆ. ಪರಿಷತ್ತಿನ ಪ್ರಕಟಣೆ ಬರುವವರೆಗೆ ಕಾಯದೆ ಈಗಲೇ ಒಮ್ಮೆ ಕಾರವಾರಕ್ಕೆ ಹೋಗಿಬನ್ನಿ, ಎರಡು ಪುಟದ ಕರಡು ಬರೆದಿಡಿ. ಓದಿ ಅಭಿಪ್ರಾಯ ಹೇಳಲು ನಾನು ಸಿದ್ಧ.