ಕೇಶ ಸಂರಕ್ಷಣಾ ಸಾಮಗ್ರಿಗಳ ಆಯ್ಕೆ: ಕೇಶವಿನ್ಯಾಸಕಾರರ ದೃಷ್ಟಿಯಲ್ಲಿ

ವಿದರ್ಭದ ಬೇಸಗೆಯು ಉಗ್ರವಾದುದು. ನಾಗಪುರ ನಗರದಲ್ಲಿ ಮೇ ತಿಂಗಳ ಉಷ್ಣಾಂಶವು 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ವಿರಳವಲ್ಲ. ಗಾಳಿಯಲ್ಲಿ ತೇವಾಂಶವು ತೀರ ಕಡಿಮೆ. ರೈಲ್ವೆ, ಭಾರತೀಯ ಖನಿ ಬ್ಯೂರೋ, ಬ್ಯಾಂಕು ಮೊದಲಾದ ಕಚೇರಿಗಳಿಗೆ ಕರ್ನಾಟಕದಿಂದ ವರ್ಗವಾಗಿ ಬರುವ ಕುಟುಂಬದವರಿಗೆ ಒಂದು ಸಂದೇಹವು ಸಹಜವಾಗಿ ಉಂಟಾಗುತ್ತದೆ: ಮಡಿಕೇರಿಯಲ್ಲೋ ಶಿವಮೊಗ್ಗದಲ್ಲೋ ಒಗ್ಗಿದ್ದ ಶಾಂಪೂ ಇಲ್ಲಿ ಏಕೆ ಒಗ್ಗುವುದಿಲ್ಲ? ಸೀತಾಬರ್ಡಿಯ ಅಥವಾ ಧರಮಪೇಠದ ಅನುಭವಿ ಕೇಶವಿನ್ಯಾಸಕಾರನು ಇದಕ್ಕೆ ಉತ್ತರ ಹೇಳುವ ಮೊದಲು ತಾನೇ ಒಂದು ಪ್ರಶ್ನೆ ಕೇಳುತ್ತಾನೆ: ಮನೆಯಲ್ಲಿ ಬಳಸುವುದು ನಲ್ಲಿಯ ನೀರೋ, ಕೊಳವೆ ಬಾವಿಯ ನೀರೋ?

ಪ್ರಶ್ನೆಯು ಅರ್ಥಪೂರ್ಣವಾದುದು. ನಗರದ ನಲ್ಲಿಗಳಿಗೆ ಪೆಂಚ್ ಜಲಾಶಯದಿಂದಲೂ ಕನ್ಹಾನ್ ನದಿಯಿಂದಲೂ ನೀರು ಬರುತ್ತದೆ. ಕೊಳವೆ ಬಾವಿಯ ನೀರಾದರೋ ಶಿಲಾಸ್ತರಗಳ ಮೂಲಕ ಇಳಿದು ಬಂದುದಾದುದರಿಂದ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರಬಹುದು. ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಲೇಸೆಂದು ಭಾರತೀಯ ಮಾನಕವು ಹೇಳುತ್ತದೆ. ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅನುಮತಿಯುಂಟು. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಬಿಳಿಯ ಕರಟೆಯಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಅದನ್ನು ಹೊಟ್ಟೆಂದು ತಪ್ಪಾಗಿ ತಿಳಿದು ಹೊಟ್ಟಿನ ಶಾಂಪೂ ಕೊಳ್ಳುವವರು ಅನೇಕರು. ಶಾಂಪೂವಿನಲ್ಲಿರುವ ಸಂಶ್ಲೇಷಿತ ಮಾರ್ಜಕಗಳಿಗೆ ಈ ದೋಷವು ಬಹುಮಟ್ಟಿಗೆ ಇಲ್ಲ. ಆದುದರಿಂದ ಕೊಳವೆ ಬಾವಿಯ ನೀರು ಬಳಸುವ ಮನೆಗಳಲ್ಲಿ ಮೈ ತೊಳೆಯುವ ಸಾಬೂನನ್ನು ತಲೆಗೆ ಹಚ್ಚುವ ಅಭ್ಯಾಸವನ್ನು ಬಿಡುವುದೇ ಮೊದಲನೆಯ ಉಪಾಯ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಕೂದಲಿನ ಹೊರಪದರದಲ್ಲಿ ಛಾವಣಿಯ ಹೆಂಚುಗಳಂತೆ ಒಂದರ ಮೇಲೊಂದು ಹಾಸಿದ ಸೂಕ್ಷ್ಮ ಚಿಪ್ಪುಗಳಿರುತ್ತವೆ. ಇವು ಮಟ್ಟಸವಾಗಿ ಕುಳಿತಿದ್ದರೆ ಕೂದಲು ಹೊಳೆಯುತ್ತದೆ. ಎದ್ದು ನಿಂತರೆ ಸಿಕ್ಕಾಗುತ್ತದೆ, ತುಂಡಾಗುತ್ತದೆ. ಕ್ಷಾರಗುಣದ ಸಾಬೂನು ಚಿಪ್ಪುಗಳನ್ನು ಎಬ್ಬಿಸುತ್ತದೆ. ತಲೆ ತೊಳೆದ ಬಳಿಕ ಹಚ್ಚುವ ಕಂಡೀಷನರ್ ಅವುಗಳ ಮೇಲೆ ತೆಳುವಾಗಿ ಹರಡಿ ನುಣುಪನ್ನು ಕೊಡುತ್ತದೆ. ಇದನ್ನು ಕೂದಲಿನ ತುದಿಗೆ ಹಚ್ಚಬೇಕೇ ಹೊರತು ನೆತ್ತಿಗಲ್ಲ. ಬುಡದಿಂದ ಹೊರಬಂದ ಕೂದಲು ನಿರ್ಜೀವ ವಸ್ತು. ಹೊರಗಿನಿಂದ ಹಚ್ಚಿದ ಯಾವುದೇ ಪದಾರ್ಥವೂ ಅದಕ್ಕೆ ಆಹಾರವಾಗದು ಎಂಬುದನ್ನು ವೃತ್ತಿಪರರು ಬಲ್ಲರು, ಜಾಹೀರಾತುಗಳು ಹೇಳುವುದಿಲ್ಲ.

ಶಾಂಪೂ ಎಂಬ ಶಬ್ದವು ನಮ್ಮ ದೇಶದ್ದೇ. ಅಮುಕುವುದು, ಮರ್ದಿಸುವುದು ಎಂಬ ಅರ್ಥದ ಹಿಂದಿ ಶಬ್ದದಿಂದ ಅದು ಹುಟ್ಟಿತು. ಪಟ್ನಾದಲ್ಲಿ ಜನಿಸಿದ ಶೇಖ್ ದೀನ್ ಮಹಮ್ಮದ್ ಎಂಬವರು 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಮರ್ದನ ಸ್ನಾನಗೃಹವನ್ನು ನಡೆಸಿ ಈ ಶಬ್ದವನ್ನು ಅಲ್ಲಿ ಪ್ರಚಾರಕ್ಕೆ ತಂದರು. ನಮ್ಮ ಅಭ್ಯಂಜನದ ಸೀಗೆಕಾಯಿ, ಅಂಟುವಾಳ, ಚಿಗರೆಪುಡಿಗಳು ಇಂದಿಗೂ ಉಪಯುಕ್ತ. ನಾಗಪುರದ ಇತವಾರಿ ಪೇಟೆಯಲ್ಲಿ ಸೀಗೆಕಾಯಿಯು ಶಿಕೇಕಾಯಿ ಎಂದೂ ಅಂಟುವಾಳವು ರಿಠಾ ಎಂದೂ ಕೇಳಿದರೆ ಸಿಗುತ್ತದೆ. ಪುಡಿಗಿಂತ ಇಡಿಯಾದ ಕಾಯಿಯನ್ನು ಕೊಂಡು ಬೀಸಿಸುವುದು ಮೇಲು. ಪುಡಿಯಲ್ಲಿ ಏನು ಬೆರೆತಿದೆಯೆಂದು ಕಣ್ಣಿಗೆ ಕಾಣದು.

ತೆಂಗಿನೆಣ್ಣೆಯ ವಿಷಯದಲ್ಲಿ ಗ್ರಾಹಕರು ಲೇಬಲನ್ನು ಎರಡು ಬಾರಿ ನೋಡಬೇಕು. ಅಂಗಡಿಯಲ್ಲಿ ದೊರೆಯುವ ಅನೇಕ ಸಣ್ಣ ಸೀಸೆಗಳು ಕಾನೂನಿನ ಪ್ರಕಾರ ಖಾದ್ಯ ತೈಲವೇ ಆಗಿವೆ. ತೆರಿಗೆಯ ವಿಷಯವಾಗಿ ದೀರ್ಘಕಾಲ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ತೀರ್ಪು ನೀಡಿ, ಸೀಸೆಯು ಸಣ್ಣದೆಂಬ ಕಾರಣದಿಂದಲೇ ಶುದ್ಧ ತೆಂಗಿನೆಣ್ಣೆಯು ಕೇಶತೈಲವಾಗದೆಂದು ಸ್ಪಷ್ಟಪಡಿಸಿತು. ಖಾದ್ಯ ತೈಲದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರುತ್ತದೆ. ಕೇಶತೈಲವೆಂದು ಮಾರುವ ಸುಗಂಧ ಎಣ್ಣೆಗಳಲ್ಲಿ ಖನಿಜ ತೈಲವೂ ಬೆರೆತಿರುವುದುಂಟು. ಅದು ಹಾನಿಕರವೆಂದಲ್ಲ, ಆದರೆ ತೆಂಗಿನೆಣ್ಣೆಯು ಕೂದಲಿನ ಒಳಗೆ ಇಳಿಯಬಲ್ಲದು, ಖನಿಜ ತೈಲವು ಮೇಲೆಯೇ ನಿಲ್ಲುತ್ತದೆ. ಬಾದಾಮಿಯ ಚಿತ್ರಕ್ಕೆ ಬೆಲೆ ಕೊಡುವ ಮೊದಲು ಘಟಕಗಳ ಪಟ್ಟಿಯಲ್ಲಿ ಬಾದಾಮಿಯು ಎಷ್ಟನೆಯದೆಂದು ನೋಡಬಹುದು. ಶೇಕಡಾ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿಯೇ ಮುದ್ರಿಸತಕ್ಕದ್ದು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಉತ್ಪಾದಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ಅವಧಿ ಇವೂ ಇರಬೇಕು. ಆಮದಾದ ವಸ್ತುವಿಗೆ ನೋಂದಣಿ ಸಂಖ್ಯೆ ಮತ್ತು ಆಮದುದಾರರ ವಿಳಾಸ. ಇವುಗಳಿಲ್ಲದ ವಿದೇಶಿ ಸೀಸೆಯನ್ನು ಅಗ್ಗವೆಂದು ಕೊಳ್ಳುವುದು ಜಾಣತನವಲ್ಲ.

ಇಷ್ಟರವರೆಗಿನ ವಿಷಯಗಳಲ್ಲಿ ತಪ್ಪಿದರೆ ಹಣ ಹೋಗಬಹುದು, ಕೂದಲು ಒರಟಾಗಬಹುದು. ಕೇಶವರ್ಣದ ವಿಷಯವು ಹಾಗಲ್ಲ. ಕಪ್ಪು ಬಣ್ಣದ ಹೆಚ್ಚಿನ ಕೇಶವರ್ಣಗಳಲ್ಲಿ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ರಾಸಾಯನಿಕವಿದೆ. ಕೆಲವರ ಚರ್ಮವು ಇದನ್ನು ಸಹಿಸದು. ತುರಿಕೆ, ಕಿವಿಯಂಚು ಮತ್ತು ಹಣೆಯಲ್ಲಿ ಗುಳ್ಳೆ, ಕಣ್ಣು ತೆರೆಯಲಾಗದಷ್ಟು ರೆಪ್ಪೆಗಳ ಊತ, ಅಪರೂಪಕ್ಕೆ ಉಸಿರಾಟದ ತೊಂದರೆ ಉಂಟಾಗುತ್ತವೆ. ಹತ್ತು ವರ್ಷ ನಿರಾತಂಕವಾಗಿ ಹಚ್ಚಿಕೊಂಡವರಿಗೂ ಹನ್ನೊಂದನೆಯ ವರ್ಷ ಇದು ಬರಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಬದುಕಿನುದ್ದಕ್ಕೂ ಉಳಿಯುತ್ತದೆ. ಈ ಕಾರಣದಿಂದಲೇ ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಮುದ್ರಿಸಬೇಕೆಂದು ನಿಯಮವಿದೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಬದಿಯಲ್ಲಿ ಸ್ವಲ್ಪ ಜಾಗವನ್ನು ತೊಳೆದು, ಸಿದ್ಧಪಡಿಸಿದ ಬಣ್ಣವನ್ನು ಕಿಂಚಿತ್ ಹಚ್ಚಿ ಒಣಗಲು ಬಿಟ್ಟು, 24 ಗಂಟೆಗಳ ತರುವಾಯ ತೊಳೆಯಬೇಕು. ಉರಿಯಾಗಲಿ ಕೆಂಪಾಗಲಿ ಕಂಡರೆ ಬಳಸಕೂಡದು. ಪ್ರತಿಕ್ರಿಯೆಯು ತಡವಾಗಿಯೂ ಕಾಣಬಹುದಾದುದರಿಂದ ಮತ್ತೊಂದು ದಿನ ಕಾಯುವುದು ಉತ್ತಮ. ಪರೀಕ್ಷೆಯು ಪ್ರತಿ ಸಲವೂ ಅವಶ್ಯ. ಹುಬ್ಬಿಗೂ ಕಣ್ಣಿನ ರೆಪ್ಪೆಗೂ ಎಂದಿಗೂ ಹಚ್ಚಬಾರದು, ದೃಷ್ಟಿಯೇ ಹೋಗಬಹುದು. ಮದುವೆಯ ಹಿಂದಿನ ಸಂಜೆ ಬಂದು ಕೂಡಲೇ ಬಣ್ಣ ಹಚ್ಚಿರೆಂದು ಕೇಳುವ ಗ್ರಾಹಕರನ್ನು ಹಿಂದಕ್ಕೆ ಕಳುಹಿಸುವ ಕೇಶವಿನ್ಯಾಸಕಾರನು ವ್ಯಾಪಾರ ಕಳೆದುಕೊಂಡರೂ ಕರ್ತವ್ಯವನ್ನು ಮಾಡಿದಂತೆಯೇ.

ಮದರಂಗಿಯೆಂದರೆ ನಿರಪಾಯವೆಂಬ ನಂಬಿಕೆಯೂ ಪರೀಕ್ಷೆಗೆ ಅರ್ಹ. ಶುದ್ಧ ಮದರಂಗಿ ಎಲೆಯು ಕೊಡುವುದು ನಾಗಪುರದ ಕಿತ್ತಳೆಯನ್ನು ನೆನಪಿಸುವ ಕೆಂಗಂದು ಬಣ್ಣವನ್ನು, ಕಪ್ಪನ್ನಲ್ಲ. ನೀಲಿ ಗಿಡದ ಎಲೆಯ ಪುಡಿಯನ್ನು ಅದರೊಡನೆ ಬಳಸಿ ಕಪ್ಪನ್ನು ತರಬಹುದಾದರೂ ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಕೆಲವೇ ನಿಮಿಷಗಳಲ್ಲಿ ಕೂದಲನ್ನು ಕಪ್ಪಾಗಿಸುವ ಕಪ್ಪು ಮೆಹಂದಿಯ ಪುಡಿಯಲ್ಲಿ ಮೇಲೆ ಹೇಳಿದ ರಾಸಾಯನಿಕವೇ ಇರುವ ಸಂಭವ ಹೆಚ್ಚು. ಕೇಶವರ್ಣವು ಹೊಟ್ಟೆಗೆ ಸೇರಿದರಂತೂ ಕುತ್ತಿಗೆ ಊದಿ ಉಸಿರು ಕಟ್ಟುತ್ತದೆ, ಸ್ನಾಯುಗಳು ಹಾಳಾಗಿ ಮೂತ್ರಪಿಂಡಗಳು ನಿಷ್ಕ್ರಿಯವಾಗುತ್ತವೆ. ನಮ್ಮ ದೇಶದಲ್ಲಿ ಇದರಿಂದ ಸಾವುಗಳು ಸಂಭವಿಸಿವೆ. ಪೊಟ್ಟಣವನ್ನು ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಬೇಕು. ಅಂಥ ಅನಾಹುತವಾದಲ್ಲಿ ಮನೆಮದ್ದಿಗೆ ಕಾಯದೆ, ಪೊಟ್ಟಣದೊಡನೆ ಸರ್ಕಾರಿ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಒಡನೆಯೇ ಧಾವಿಸಬೇಕು.

ಕೂದಲನ್ನು ನೇರಗೊಳಿಸುವ ಕೆಲವು ದ್ರಾವಣಗಳು ಬಿಸಿ ಇಸ್ತ್ರಿಯ ಕೆಳಗೆ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮಾನವರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಗ್ರಾಹಕಳು ಇದನ್ನು ವರ್ಷಕ್ಕೊಮ್ಮೆ ಉಸಿರಾಡಿದರೆ, ಕುರ್ಚಿಯ ಹಿಂದೆ ನಿಂತವಳು ದಿನವೂ ಉಸಿರಾಡುತ್ತಾಳೆ. ಬೇಸಗೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿದ ಹವಾನಿಯಂತ್ರಿತ ಕೋಣೆಯಲ್ಲಿ ಈ ಕೆಲಸವನ್ನು ಮಾಡಬಾರದು. ಕಣ್ಣು ಉರಿದರೆ ಎದ್ದು ಹೊರಬರುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಡಬ್ಬದಿಂದ ಬಟ್ಟಲಿಗೆ ಮೊದಲೇ ಸುರಿದಿಟ್ಟ ದ್ರವ್ಯವನ್ನು ಒಪ್ಪದೆ, ಮೂಲ ಸೀಸೆಯನ್ನು ತೋರಿಸುವಂತೆ ಕೇಳುವುದು ಗ್ರಾಹಕರ ಹಕ್ಕು.

ಬೊಕ್ಕತಲೆಯಲ್ಲಿ ಹೊಸ ಕೂದಲು ಬೆಳೆಸುವ, ಅಕಾಲ ನರೆಯನ್ನು ಗುಣಪಡಿಸುವ ಭರವಸೆಗಳ ಬಗೆಗೆ ಹೆಚ್ಚು ಬರೆಯಬೇಕಾಗಿಲ್ಲ. ಔಷಧವು ಇಂಥ ಭರವಸೆ ನೀಡಕೂಡದೆಂದು 1945ರ ಔಷಧ ನಿಯಮಗಳ ಜೆ ಅನುಸೂಚಿಯು ವಿಧಿಸಿದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸ್ವಾಭಾವಿಕ. ಅದಕ್ಕೂ ಮೀರಿದರೆ ಅಂಗಡಿಯ ಕಪಾಟಿಗಿಂತ ಚರ್ಮವೈದ್ಯರ ಬಳಿಗೆ ಹೋಗುವುದು ಯುಕ್ತ.

ಸೀಸೆ ಮುಗಿದ ಮೇಲೆ ಅದರ ಲೇಬಲನ್ನು ಹರಿದು ಎಸೆದರೆ ಖೋಟಾ ವ್ಯಾಪಾರಿಗಳಿಗೆ ಮರುಬಳಕೆ ಸಾಧ್ಯವಾಗದು. ವಸ್ತುವಿನಿಂದ ತೊಂದರೆಯಾದವರು ಮಾತ್ರ ಹಾಗೆ ಮಾಡದೆ, ಉಳಿದ ದ್ರವ್ಯ, ಪೊಟ್ಟಣ ಮತ್ತು ರಸೀದಿಯನ್ನು ಕಾದಿರಿಸಿ, ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರು ಸಲ್ಲಿಸಬಹುದು. ಬೆಲೆ, ತೂಕ ಅಥವಾ ಸುಳ್ಳು ಜಾಹೀರಾತಿನ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲಿಯೂ ಅಲ್ಲಿ ದೂರು ಹೇಳಬಹುದಾಗಿದೆ.