ನಮ್ಮ ಹೆಸರಿನಲ್ಲಿ ಮಾತನಾಡುವವರು: ಲಾಭವೋ, ನಷ್ಟವೋ?

ವಾಣಿಜ್ಯ ವಿಭಾಗದ ನಾವೆಲ್ಲ ಓದಿರುವ ಪಾಠ ಇದು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಪಾಲುದಾರನೂ ಉಳಿದವರ ಏಜೆಂಟ್. ವ್ಯವಹಾರದ ಸಲುವಾಗಿ ಒಬ್ಬ ಮಾಡಿದ ಕೆಲಸಕ್ಕೆ ಎಲ್ಲರೂ ಹೊಣೆ. ಆದರೆ ಅದಕ್ಕೆ ಮೊದಲು ಎಲ್ಲರ ನಡುವೆ ಒಪ್ಪಂದ ಆಗಿರಬೇಕು.

ಸಮುದಾಯದ ವಕ್ತಾರರ ವಿಷಯದಲ್ಲಿ ಈ ಪಾಠದ ಅರ್ಧ ಮಾತ್ರ ನಡೆಯುತ್ತದೆ. ಟಿ.ವಿ. ಚರ್ಚೆಯಲ್ಲಿ ಒಬ್ಬರು ಏರುದನಿಯಲ್ಲಿ ಏನೋ ಹೇಳುತ್ತಾರೆ. ಅವರ ಹೆಸರಿನ ಕೆಳಗೆ ‘ಮುಸ್ಲಿಂ ಮುಖಂಡರು’ ಎಂದು ಬರುತ್ತದೆ. ಮರುದಿನ ಅಬ್ಬಾನ ಅಂಗಡಿಗೆ ಬಂದ ಗಿರಾಕಿ, “ಏನ್ ಸಾಬ್ರೇ, ನಿಮ್ಮೋರು ನಿನ್ನೆ ಹಿಂಗಂದ್ರಲ್ಲ?” ಎಂದು ಕೇಳುತ್ತಾರೆ. ಅಬ್ಬಾ ಆ ಮುಖಂಡರನ್ನು ಆರಿಸಿಲ್ಲ, ಅವರ ಹೆಸರನ್ನೂ ಕೇಳಿಲ್ಲ. ಆದರೂ ಉತ್ತರ ಕೊಡಬೇಕಾದವರು ಅಬ್ಬಾ. ಒಪ್ಪಿಗೆ ಯಾರದ್ದೂ ಇಲ್ಲ, ಹೊಣೆ ಮಾತ್ರ ಎಲ್ಲರದ್ದು.

ಹಾಗಾದರೆ ವಕ್ತಾರರೇ ಬೇಡವೇ?

ಮಾತಿನಿಂದ ಬಂದ ಹಕ್ಕು

ಬೇಡ ಎನ್ನಲು ನನಗೆ ಆಗುವುದಿಲ್ಲ. ನಾವು ಕುಳಿತು ಓದುತ್ತಿರುವ ಕಾಲೇಜನ್ನೇ ನೋಡಿ. ಅಲ್ಪಸಂಖ್ಯಾತರು ತಮಗಿಷ್ಟವಾದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಅದನ್ನು ಬರೆದ ಸಂವಿಧಾನ ಸಭೆಯಲ್ಲಿ ಅಲ್ಪಸಂಖ್ಯಾತರ ಪ್ರತಿನಿಧಿಗಳೂ ಇದ್ದರು, ಮಾತನಾಡಿದರು.

ಅವರೆಲ್ಲರೂ ಒಂದೇ ಮಾತು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಮದ್ರಾಸಿನ ಬಿ. ಪೋಕರ್ ಸಾಹೇಬರು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕು ಎಂದರು. ಸಭೆಯಲ್ಲಿದ್ದ ಏಕೈಕ ಮುಸ್ಲಿಂ ಮಹಿಳೆ ಬೇಗಂ ಐಜಾಜ್ ರಸೂಲ್ ಅದನ್ನು ವಿರೋಧಿಸಿದರು. ಎರಡೂ ಅಭಿಪ್ರಾಯ ಸಭೆಯ ದಾಖಲೆಯಲ್ಲಿವೆ. ಭಿನ್ನವಾಗಿ ಮಾತನಾಡಿದ್ದಕ್ಕೆ ಬೇಗಂ ಅವರ ಮಾತಿನ ತೂಕ ಕಡಿಮೆಯಾಗಲಿಲ್ಲ.

ಶಾ ಬಾನೊ ಪ್ರಕರಣ

ಈಗ ಇನ್ನೊಂದು ಕಡೆ ನೋಡೋಣ. ಇಂದೋರಿನ ಶಾ ಬಾನೊ ಅವರ ಮದುವೆಯಾದದ್ದು 1932ರಲ್ಲಿ. ಪತಿ ವಕೀಲರು, ಐದು ಮಕ್ಕಳು. 1975ರಲ್ಲಿ ಪತಿ ಆಕೆಯನ್ನು ಮನೆಯಿಂದ ಹೊರಗೆ ಕಳಿಸಿದರು. 1978ರ ಏಪ್ರಿಲ್‌ನಲ್ಲಿ ಆಕೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ತಿಂಗಳಿಗೆ 500 ರೂಪಾಯಿ ಜೀವನಾಂಶ ಕೇಳಿದರು. ಅದೇ ನವೆಂಬರ್‌ನಲ್ಲಿ ಪತಿ ತಲಾಖ್ ಕೊಟ್ಟರು. ಪತಿಯ ವಾರ್ಷಿಕ ಆದಾಯ ಸುಮಾರು 60,000 ರೂಪಾಯಿ ಎಂದು ಆಕೆ ಹೇಳಿದ್ದರು. ಮ್ಯಾಜಿಸ್ಟ್ರೇಟರು ಕೊಟ್ಟಿದ್ದು ತಿಂಗಳಿಗೆ 25 ರೂಪಾಯಿ. ಮಧ್ಯಪ್ರದೇಶ ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಪತಿ ಸುಪ್ರೀಂ ಕೋರ್ಟಿಗೆ ಹೋದರು. 1985ರ ಏಪ್ರಿಲ್ 23ರಂದು ಅವರ ಮೇಲ್ಮನವಿ ವಜಾ ಆಯಿತು.

ಆಮೇಲೆ ವಿಷಯ 179 ರೂಪಾಯಿಯದ್ದಾಗಿ ಉಳಿಯಲಿಲ್ಲ. ತೀರ್ಪಿನಲ್ಲಿ ಕುರ್‌ಆನಿನ ವ್ಯಾಖ್ಯಾನವೂ ಇತ್ತು, ಏಕರೂಪ ನಾಗರಿಕ ಸಂಹಿತೆಯ ಪ್ರಸ್ತಾಪವೂ ಇತ್ತು. ನಮ್ಮ ಷರೀಅತ್‌ನಲ್ಲಿ ಸರ್ಕಾರ ಕೈಹಾಕುತ್ತದೆ ಎಂಬ ಭಯ ಹಲವರಿಗೆ ನಿಜವಾಗಿಯೇ ಇತ್ತು. ಆ ಭಯವನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ. ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ತೀರ್ಪನ್ನು ವಿರೋಧಿಸಿತು. ಸರ್ಕಾರದಲ್ಲಿದ್ದ ಮುಸ್ಲಿಂ ಮಂತ್ರಿಗಳಲ್ಲೇ ಎರಡು ಅಭಿಪ್ರಾಯ. ಆರಿಫ್ ಮೊಹಮ್ಮದ್ ಖಾನ್ ಲೋಕಸಭೆಯಲ್ಲಿ ತೀರ್ಪನ್ನು ಸಮರ್ಥಿಸಿದರು, ಝಡ್. ಆರ್. ಅನ್ಸಾರಿ ಖಂಡಿಸಿದರು. ಕೊನೆಗೆ ಸರ್ಕಾರ ಒಂದೇ ಧ್ವನಿಯನ್ನು ‘ಮುಸ್ಲಿಮರ ಧ್ವನಿ’ ಎಂದು ಒಪ್ಪಿಕೊಂಡಿತು. ಆರಿಫ್ ಖಾನ್ ರಾಜೀನಾಮೆ ಕೊಟ್ಟರು. 1986ರ ಮೇ ತಿಂಗಳಲ್ಲಿ ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗಾಗಿ ಬೇರೆ ಕಾಯ್ದೆ ಬಂತು.

ಅಷ್ಟರಲ್ಲಿ ಶಾ ಬಾನೊ ಏನಾದರು? ತಾವು ಗೆದ್ದ ತೀರ್ಪು ತಮಗೆ ಬೇಡ ಎಂಬ ಬಹಿರಂಗ ಪತ್ರಕ್ಕೆ 1985ರಲ್ಲೇ ಹೆಬ್ಬೆಟ್ಟು ಒತ್ತಿದ್ದರು. ಅರವತ್ತು ದಾಟಿದ ಆ ಹೆಂಗಸಿನ ಮೇಲೆ ಎಷ್ಟು ಭಾರ ಬಿದ್ದಿರಬೇಕು!

ಖಾತೆ ಯಾರದ್ದು?

ಜಮಾ ಯಾರ ಖಾತೆಗೆ, ಖರ್ಚು ಯಾರ ಖಾತೆಗೆ ಎಂದು ಬರೆದು ನೋಡಿದೆ. ವಕ್ತಾರರ ಮಾತು ಗೆದ್ದಿತು, ಅವರ ಹೆಸರು ದೇಶಕ್ಕೆ ಗೊತ್ತಾಯಿತು. ನಷ್ಟ ಮಾತ್ರ ಬೇರೆಯವರದು. ಹೊಸ ಕಾಯ್ದೆಯಲ್ಲಿ ಇದ್ದತ್ ಮುಗಿದ ಮೇಲೆ ಹೆಂಗಸಿನ ಹೊಣೆ ಯಾರದ್ದು ಎಂಬುದಕ್ಕೆ ಒಂದೊಂದು ಹೈಕೋರ್ಟ್ ಒಂದೊಂದು ಅರ್ಥ ಹೇಳಿತು. ‘ಓಲೈಕೆ’ ಎಂಬ ಮಾತು ಇಡೀ ಸಮುದಾಯಕ್ಕೆ ಅಂಟಿಕೊಂಡಿತು. ಏನನ್ನೂ ಕೇಳದಿದ್ದವರೂ ಇಂದಿಗೂ ಆ ಮಾತು ಕೇಳಬೇಕಾಗಿದೆ.

ಇದೇ ಕಥೆಯಲ್ಲಿ ಕಡಿಮೆ ಸದ್ದು ಮಾಡಿದವರು ಒಬ್ಬರಿದ್ದಾರೆ. ಶಾ ಬಾನೊ ಅವರ ಪರ ವಾದಿಸಿದ್ದ ವಕೀಲ ಡಾನಿಯಲ್ ಲತೀಫಿ, ಹೊಸ ಕಾಯ್ದೆಯನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2001ರ ಸೆಪ್ಟೆಂಬರ್ 28ರಂದು ತೀರ್ಪು ಬಂತು. ಕಾಯ್ದೆ ಉಳಿಯಿತು. ಆದರೆ ಹೆಂಡತಿಯ ಮುಂದಿನ ಬದುಕಿಗೂ ಸಾಕಾಗುವ ನ್ಯಾಯವಾದ ಏರ್ಪಾಡನ್ನು ಪತಿ ಇದ್ದತ್ ಅವಧಿಯೊಳಗೇ ಮಾಡಬೇಕು ಎಂದು ಕೋರ್ಟ್ ಹೇಳಿತು. 2024ರ ಜುಲೈನಲ್ಲಿ, 125ನೇ ಕಲಮಿನಡಿ ಜೀವನಾಂಶ ಕೇಳುವ ದಾರಿಯೂ ಮುಸ್ಲಿಂ ಮಹಿಳೆಗೆ ತೆರೆದಿದೆ ಎಂದು ಅದೇ ಕೋರ್ಟ್ ಹೇಳಿತು. 1985ರಲ್ಲಿ ಸಿಕ್ಕಿದ್ದನ್ನು ಪೂರ್ತಿಯಾಗಿ ಮತ್ತೆ ಪಡೆಯಲು 39 ವರ್ಷ ಬೇಕಾಯಿತು.

ಲತೀಫಿ ಅವರೂ ಸಮುದಾಯದ ಪರವಾಗಿಯೇ ಮಾತನಾಡಿದರು. ಆದರೆ ಎಲ್ಲ ಮುಸ್ಲಿಮರ ಮಾತು ಇದು ಎನ್ನಲಿಲ್ಲ. ನಷ್ಟ ಅನುಭವಿಸುತ್ತಿದ್ದವರ ಪಕ್ಕದಲ್ಲಿ ನಿಂತರು. ನನ್ನ ತಿಳಿವಳಿಕೆಯಲ್ಲಿ ವ್ಯತ್ಯಾಸ ಇಲ್ಲಿದೆ. ವಕ್ತಾರ ಪ್ರಸಿದ್ಧನಾಗಿರುವುದು ತಪ್ಪಲ್ಲ. ಒಳಗಿನ ಬೇರೆ ಧ್ವನಿಗಳನ್ನು ಮುಚ್ಚಿ ತನ್ನದೊಂದೇ ಇದೆ ಎಂದಾಗ ಹಾನಿ ಶುರುವಾಗುತ್ತದೆ. ಸರ್ಕಾರ ಮತ್ತು ಟಿ.ವಿ.ಗಳಿಗೂ ಇದರಲ್ಲಿ ಪಾಲಿದೆ, ಏಕೆಂದರೆ ಒಂದು ಧ್ವನಿಯನ್ನು ಆರಿಸಿಕೊಳ್ಳುವುದು ಅವರಿಗೆ ಸುಲಭ.

ಮುಂದೆ ಯಾರಾದರೂ ನಮ್ಮ ಹೆಸರಿನಲ್ಲಿ ಮಾತನಾಡಿದಾಗ ಈ ಮೂರು ಪ್ರಶ್ನೆ ಕೇಳೋಣ:

1. ಈ ಮಾತಿನ ಬೆಲೆ ತೆರುವವರು ಯಾರು? ಅವರನ್ನು ಕೇಳಿದ್ದಾರೆಯೇ?
2. ಸಮುದಾಯದೊಳಗೆ ಬೇರೆ ಅಭಿಪ್ರಾಯವಿದೆ ಎಂದು ಒಪ್ಪುತ್ತಾರೆಯೇ?
3. ಮಾತು ತಪ್ಪಾದರೆ ಲೆಕ್ಕ ಕೊಡಲು ಯಾರ ಮುಂದೆ ನಿಲ್ಲುತ್ತಾರೆ?

ನಾನೂ ಇಲ್ಲಿ ಯಾರ ಪರವಾಗಿಯೂ ಬರೆದಿಲ್ಲ. ಇದು ಒಬ್ಬ ವಿದ್ಯಾರ್ಥಿನಿಯ ಅಭಿಪ್ರಾಯ. ನಿಮ್ಮದು ಬೇರೆಯಾಗಿದ್ದರೆ ಮುಂದಿನ ಸಂಚಿಕೆಗೆ ದಯವಿಟ್ಟು ಬರೆಯಿರಿ.