ಒಂದೇ ಟ್ರೇ, ಎರಡು ಟೆಂಪರೇಚರ್: ಓವನ್‌ನಲ್ಲಿ ಮೀನು ಮತ್ತು ಬೇಸಿಗೆ ತರಕಾರಿ

ಈ ಸಲ ಅಡುಗೆ ಪಾಠ. ಹೆದರಬೇಡಿ, ಮುಕ್ಕಾಲು ಭಾಗ ನಮ್ಮ ಸಿಲಬಸ್ಸೇ.

ಫ್ರಾನ್ಸಿನ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಪ್ರೊವಾನ್ಸ್ ಅನ್ನೋ ಪ್ರದೇಶ ಇದೆ. ಅಲ್ಲಿ ಬೇಸಿಗೆ ಅಂದ್ರೆ ಜೂನ್‌ನಿಂದ ಆಗಸ್ಟ್. ಟೊಮೇಟೊ, ಬದನೆಕಾಯಿ, ಕ್ಯಾಪ್ಸಿಕಂ, ಸೌತೆಕಾಯಿ ತರ ಕಾಣೋ ಝುಕಿನಿ, ಎಲ್ಲ ಒಟ್ಟಿಗೆ ಬರತ್ತೆ. ಇವನ್ನು ಬಿಲ್ಲೆ ಹೆಚ್ಚಿ, ತಿಯಾನ್ ಎಂಬ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಜೋಡಿಸಿ ಓವನ್‌ಗೆ ಇಡ್ತಾರೆ. ಪಾತ್ರೆಯ ಹೆಸರೇ ಅಡುಗೆಗೂ ಬಂದಿದೆ. ಮೇಲೆ ಬಿಳಿ ಮೀನು ಇಟ್ಟರೆ ಪೂರ್ತಿ ಊಟ.

ಕೇಳೋಕೆ ಸುಲಭ. ಆದರೆ ಮಾರ್ಸೇಯಲ್ಲಿ ಎಂಎಸ್ ಮಾಡ್ತಿರೋ ನನ್ನ ಕಸಿನ್ ಅಕ್ಕನ ಗೋಳು ಹೀಗಿತ್ತು: "ತರಕಾರಿ ಬೇಯೋ ಹೊತ್ತಿಗೆ ಮೀನು ರಬ್ಬರ್ ಆಗತ್ತೆ ಕಣೇ. ಮೀನು ಸರಿಯಾಗಿದ್ರೆ ಝುಕಿನಿ ಹಸಿ." ಸ್ಟೂಡೆಂಟ್ ಬಜೆಟ್‌ನಲ್ಲಿ ತಂದ ಮೀನು ಹಾಳಾದ್ರೆ ಹೊಟ್ಟೆ ಉರಿಯತ್ತೆ ಅಲ್ವಾ? ಕಾರಣ ಏನು ಅಂತ ನೋಡೋಣ.

1. ಮೀನಿಗೆ 60, ತರಕಾರಿಗೆ 85

ಮೀನಿನ ಪ್ರೋಟೀನ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಿಂದಲೇ ಗಟ್ಟಿಯಾಗೋಕೆ ಶುರು. 60ರ ಹತ್ತಿರ ಪದರ ಪದರವಾಗಿ ಬಿಡಿಸಿಕೊಳ್ಳತ್ತೆ. ಅದನ್ನು ದಾಟಿ ಹೋದಷ್ಟೂ ನೀರು ಹಿಂಡಿಕೊಂಡು ಒಣಗತ್ತೆ. ಕಾಡ್‌ನಂಥ ಬಿಳಿ ಮೀನಿನ ಕೊಬ್ಬು ಇರೋದು ಲಿವರ್‌ನಲ್ಲಿ, ಕಾಡ್ ಲಿವರ್ ಆಯಿಲ್ ಬರೋದು ಅಲ್ಲಿಂದಲೇ. ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ನಮ್ಮ ಬಂಗುಡೆ, ಬೂತಾಯಿಯಲ್ಲಿ ಎಣ್ಣೆ ಮಾಂಸದಲ್ಲೇ ಇರತ್ತೆ, ಅದಕ್ಕೇ ಸ್ವಲ್ಪ ಹೆಚ್ಚು ಬೆಂದ್ರೂ ಅವು ತಡೆದುಕೊಳ್ತವೆ. ಬಿಳಿ ಮೀನು ತಡೆಯಲ್ಲ.

ತರಕಾರಿಯ ಕಥೆ ಬೇರೆ. ಅದರ ಜೀವಕೋಶಗಳನ್ನು ಅಂಟಿಸಿ ಹಿಡಿದಿರೋದು ಪೆಕ್ಟಿನ್. ಅದು ಕರಗಿ ಮೆತ್ತಗಾಗಬೇಕಾದ್ರೆ 85 ಡಿಗ್ರಿ ದಾಟಬೇಕು. ಅಂದ್ರೆ ತರಕಾರಿ ಬೇಯೋಕೆ ಶುರುವಾಗೋ ಮುಂಚೆಯೇ ಮೀನಿನ ಕೆಲಸ ಮುಗಿದಿರತ್ತೆ.

2. ನೀರಿನ ಲೆಕ್ಕ

ಟೊಮೇಟೊ, ಝುಕಿನಿ ಎರಡರಲ್ಲೂ ಸುಮಾರು 95% ನೀರು. 600 ಗ್ರಾಂ ತರಕಾರಿಯನ್ನು ನೀರು ಅಂತಲೇ ಇಟ್ಟುಕೊಂಡು 25ರಿಂದ 100 ಡಿಗ್ರಿಗೆ ಬಿಸಿ ಮಾಡೋಕೆ ಸುಮಾರು 190 ಕಿಲೋಜೌಲ್ ಬೇಕು. ಅದರಲ್ಲಿ 200 ಗ್ರಾಂ ನೀರನ್ನು ಆವಿ ಮಾಡೋಕೆ? ಲೇಟೆಂಟ್ ಹೀಟ್ ಕೆಜಿಗೆ 2257 ಕಿಲೋಜೌಲ್, ಅಂದ್ರೆ ಸುಮಾರು 450. ಎರಡು ಪಟ್ಟಿಗಿಂತ ಜಾಸ್ತಿ! ನೀರು ಹೋಗದೆ ಅಂಚು ಕೆಂಪಾಗಲ್ಲ, ರುಚಿಯೂ ಬರಲ್ಲ. ಹಾಗಾಗಿ ತರಕಾರಿಗೆ ಹೆಡ್‌ಸ್ಟಾರ್ಟ್ ಕೊಡಲೇಬೇಕು.

3. ದಪ್ಪದ ಲೆಕ್ಕ

ಮೀನಿಗೆ "ಒಂದು ಇಂಚು ದಪ್ಪಕ್ಕೆ 10 ನಿಮಿಷ" ಅನ್ನೋ ರೂಲ್ ಚಾಲ್ತಿಯಲ್ಲಿದೆ. ಹಾಗಾದ್ರೆ ಎರಡು ಇಂಚಿಗೆ 20 ನಿಮಿಷವಾ? ಇಲ್ಲಿ ಬಯಾಟ್ ನಂಬರ್ ಹಾಕಿ ನೋಡಿ. ಓವನ್ ಗಾಳಿಯ h ಸುಮಾರು 20, ಒಂದು ಇಂಚಿನ ಅರ್ಧ 0.0125 ಮೀಟರ್, ಮೀನಿನ k ಸುಮಾರು 0.5. ಉತ್ತರ 0.5. ಇದು 0.1ಕ್ಕಿಂತ ಜಾಸ್ತಿ, ಆದ್ರಿಂದ ಮೀನಿನ ಒಳಗೆಲ್ಲ ಒಂದೇ ಟೆಂಪರೇಚರ್ ಅಂತ ಹಿಡಿಯೋ ಹಾಗಿಲ್ಲ. ಹೊರಗಿನ ಗಾಳಿ, ಒಳಗಿನ ಕಂಡಕ್ಷನ್ ಎರಡೂ ತಡ ಮಾಡ್ತವೆ. ದಪ್ಪ ಎರಡು ಪಟ್ಟಾದ್ರೆ ಸಮಯ ಎರಡರಿಂದ ನಾಲ್ಕು ಪಟ್ಟಿನ ನಡುವೆ ಎಲ್ಲೋ ಬರತ್ತೆ. ರೆಸಿಪಿಯಲ್ಲಿರೋ ನಿಮಿಷ ಆ ರೆಸಿಪಿಯ ಮೀನಿಗೆ ಮಾತ್ರ. ನಿಮ್ಮ ಮೀನನ್ನು ಸ್ಕೇಲ್ ಇಟ್ಟು ಅಳೆಯಿರಿ.

4. ಮಾಡೋ ಕ್ರಮ (ಇಬ್ಬರಿಗೆ)

- ಓವನ್ 200 ಡಿಗ್ರಿಗೆ ಮೊದಲೇ ಬಿಸಿ ಮಾಡಿ.
- 600 ಗ್ರಾಂ ತರಕಾರಿಯನ್ನು ಅರ್ಧ ಸೆಂಟಿಮೀಟರ್ ಬಿಲ್ಲೆ ಮಾಡಿ. ಉಪ್ಪು, ಬೆಳ್ಳುಳ್ಳಿ, ಥೈಮ್, ಎರಡು ಚಮಚ ಆಲಿವ್ ಎಣ್ಣೆ ಹಾಕಿ 30-35 ನಿಮಿಷ ಇಡಿ.
- ಒಂದು ಇಂಚು ದಪ್ಪದ ಎರಡು ಮೀನಿನ ತುಂಡು, ತಲಾ 150 ಗ್ರಾಂ, ಟಿಶ್ಯೂನಲ್ಲಿ ಒರೆಸಿ ಉಪ್ಪು, ಎಣ್ಣೆ ಸವರಿ ತರಕಾರಿ ಮೇಲೆ ಇಡಿ. 10-12 ನಿಮಿಷ.
- ಫೋರ್ಕ್‌ನಿಂದ ದಪ್ಪ ಜಾಗದಲ್ಲಿ ಒತ್ತಿ. ಪದರ ಬಿಟ್ಟುಕೊಂಡು, ಒಳಗೆ ಗಾಜಿನ ಹಾಗೆ ಕಾಣದೆ ಬೆಳ್ಳಗಿದ್ರೆ ಆಯ್ತು. ಥರ್ಮಾಮೀಟರ್ ಇದ್ರೆ ನಡುವೆ 63 ಡಿಗ್ರಿ ನೋಡಿ, ಅಮೆರಿಕದ ಆಹಾರ ಸುರಕ್ಷತೆಯ ಸಲಹೆ ಅದೇ.
- ಕೊನೆಗೆ ನಿಂಬೆರಸ. ಸಮುದ್ರ ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮಿಥೈಲಮೀನ್, ಅದೊಂದು ಬೇಸ್. ಆಸಿಡ್ ಸೇರಿದ್ರೆ ಸಾಲ್ಟ್ ಆಗಿ ಕೂತುಬಿಡತ್ತೆ, ಗಾಳಿಗೆ ಹಾರಲ್ಲ.

5. ವೈನ್ ಯಾಕೆ?

ನನಗೆ 19, ಹಾಗಾಗಿ ಇದು ಕುಡಿದು ಬರೆದದ್ದಲ್ಲ, ಓದಿ ಬರೆದದ್ದು. ಪ್ರೊವಾನ್ಸ್‌ನಲ್ಲಿ ಮೀನಿನ ಜೊತೆ ತಣ್ಣಗಿನ ರೋಸೆ ಅಥವಾ ಬಿಳಿ ವೈನ್ ಇಡ್ತಾರೆ. ಮಾರ್ಸೇ ಪಕ್ಕದ ಕಾಸಿಸ್ ಊರಿನ ಬಿಳಿ ವೈನ್‌ಗೆ 1936ರಲ್ಲೇ ಊರಿನ ಹೆಸರಿನ ಕಾನೂನು ರಕ್ಷಣೆ ಸಿಕ್ಕಿದೆ. ಇಲ್ಲೂ ಲಾಜಿಕ್ ಇದೆ. ವೈನ್‌ನ ಆಸಿಡ್ ನಿಂಬೆಯ ಕೆಲಸವನ್ನೇ ಮಾಡತ್ತೆ. ಟೊಮೇಟೊ ಹುಳಿ ಇರೋದ್ರಿಂದ ವೈನ್ ಕೂಡ ಅಷ್ಟೇ ಹುಳಿ ಇರಬೇಕು, ಇಲ್ಲದಿದ್ರೆ ಸಪ್ಪೆ ಅನ್ಸತ್ತೆ.

ಕೆಂಪು ವೈನ್ ಯಾಕೆ ಬೇಡ ಅಂತಾರೆ? 2009ರಲ್ಲಿ ಜಪಾನಿನ ಮರ್ಸಿಯನ್ ಕಂಪನಿಯ ಸಂಶೋಧಕರು ಸ್ಕಾಲಪ್ ಎಂಬ ಚಿಪ್ಪುಮೀನಿನ ಜೊತೆ ಬೇರೆ ಬೇರೆ ವೈನ್ ರುಚಿ ನೋಡಿಸಿದ್ರು. ಕಬ್ಬಿಣದ ಅಂಶ ಜಾಸ್ತಿ ಇದ್ದ ವೈನ್‌ಗಳಲ್ಲಿ ಬಾಯಲ್ಲಿ ಉಳಿಯೋ ಮೀನು ವಾಸನೆ ಜೋರಾಗಿತ್ತು. ಅಂದ್ರೆ ತೊಂದರೆ ಬಣ್ಣದ್ದಲ್ಲ, ಕಬ್ಬಿಣದ್ದು. ಕಬ್ಬಿಣ ಕಡಿಮೆ ಇರೋ ಕೆಂಪು ವೈನ್ ಕೂಡ ನಡೆಯತ್ತೆ. ವೈನ್ ಬೇಡದವರಿಗೆ ಸಕ್ಕರೆ ಹಾಕದ ನಿಂಬೆ ಸೋಡಾ ಇದೆ, ಹುಳಿಯ ಕೆಲಸ ಅಲ್ಲೂ ಆಗತ್ತೆ.

ರೂಮಲ್ಲಿ ಓಟಿಜಿ ಇದ್ದವರು ಕಾಣೆ ಮೀನಲ್ಲಿ ಟ್ರೈ ಮಾಡಬಹುದು. ಅದು ತೆಳು, 6-7 ನಿಮಿಷಕ್ಕೇ ಫೋರ್ಕ್ ಹಿಡಿದು ನಿಂತುಕೊಳ್ಳಿ. ಮೀನು ತಿನ್ನದವರು ಮೊದಲ 35 ನಿಮಿಷದ ಮೇಲೆ ಇನ್ನೊಂದು 10 ನಿಮಿಷ ಬಿಟ್ಟರೆ, ಬ್ರೆಡ್ ಜೊತೆ ಬರೀ ತಿಯಾನ್ ತಿನ್ನಬಹುದು.